ಉಪ್ಪು ನೀರಲ್ಲಿ ಓಡಿ, ಮೂರು ಮಳೆಗಾಲ ಸುಮ್ನೆ ನಿಂತ 21 ಅಡಿ ಬೋಟು: ತಗೊಳ್ಳಲಾ, ಬಿಡಲಾ?

ಗದಗಿನ ಗಾಳ, ವಾಸ್ಕೊ

ಎಲ್ಲರಿಗೂ ನಮಸ್ಕಾರ. ಒಂದು ಬೋಟು ನೋಡಿ ಬಂದಿದ್ದೇನೆ. ಮೂರು ದಿನದಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಕುಠ್ಠಾಳಿ ಹತ್ತಿರ, ಝುವಾರಿ ದಂಡೆಯ ಒಂದು ತೆಂಗಿನ ತೋಟದಲ್ಲಿ ಟ್ರೈಲರ್ ಮೇಲೆ ನಿಂತಿದೆ. 21 ಅಡಿ ಫೈಬರ್ ಬೋಟು, ನಡುವೆ ಸ್ಟೀರಿಂಗ್, ಹಿಂದೆ ಹೊರಗೆ ತೂಗುಹಾಕಿದ 115 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಮೂರು ಮಳೆಗಾಲ ಹಾಗೇ ಕಳೆದಿದೆ. ಮೊದಲ ವರ್ಷ ಹಾಕಿದ ತಾಡಪಾಲು ಹರಿದ ಮೇಲೆ ಯಾರೂ ಮತ್ತೆ ಹೊದಿಸಿಲ್ಲ. ಒಳಗೆ ತೆಂಗಿನ ಗರಿ, ಕೊಳೆತ ಎಲೆ, ಪಾದ ಮುಳುಗುವಷ್ಟು ನೀರು. ಎಂಜಿನ್ ಮುಚ್ಚಳ ತೆಗೆದರೆ ಅಲ್ಲಲ್ಲಿ ಬಿಳಿ ಪುಡಿ ಕೂತಿದೆ.

ಮಾಲೀಕರು ವಯಸ್ಸಾದವರು, ಮಾತು ಚೆನ್ನಾಗಿದೆ. "ಮೀಟರ್ ನೋಡಿ, ಬರೀ 140 ಗಂಟೆ ಓಡಿದೆ. ಸಮುದ್ರಕ್ಕೆ ಇಳಿಸಿದ್ದೇ ಇಲ್ಲ, ನದಿಯಲ್ಲೇ ಓಡಿಸಿದ್ದು" ಅನ್ನುತ್ತಾರೆ. ಆರೂವರೆ ಲಕ್ಷ ಕೇಳುತ್ತಿದ್ದಾರೆ. ಹೊಸದಾಗಿ ಇಷ್ಟು ದೊಡ್ಡ ಬೋಟು ಕೊಳ್ಳುವ ಶಕ್ತಿ ನನಗಿಲ್ಲ.

ನಾನು ಹುಟ್ಟಿದ್ದು ಗದಗ. ಗೋವಾಕ್ಕೆ ಬಂದು 14 ವರ್ಷ. ಭಾನುವಾರ ಮನೆಯವರನ್ನು ಕರೆದುಕೊಂಡು ನದಿಯಲ್ಲಿ ಸುತ್ತಬೇಕು, ಗಾಳ ಹಾಕಿ ಕೂರಬೇಕು, ಅಷ್ಟೇ ಆಸೆ. ಮಗ ಆಗಲೇ ಬೋಟಿಗೆ ಹೆಸರು ಇಟ್ಟಾಗಿದೆ. ತಿಳಿದವರು ಹೇಳಿ, ಏನೇನು ನೋಡಬೇಕು? ಈ ಬೆಲೆಗೆ ಇದು ಬೇಕಾ?

ಬಿಳಿ ಕೊಕ್ಕರೆ, ಮಾಪ್ಸಾ

ಬೇಡ.

ಮಂಜಿ ಮನೆತನ, ಮಡಗಾಂವ್

ನಾನೂ ಬೇಡ ಅಂತಲೇ ಹೇಳುತ್ತೇನೆ. ಅಗ್ಗ ಅಂತ ಮುಗ್ಗಲು ಜೋಳ ತಂದ ಹಾಗೆ ಆಗುತ್ತದೆ. ಮೂರು ವರ್ಷ ತಿರುಗಿ ನೋಡದವರು ಬೋಟನ್ನು ನಾಲ್ಕನೇ ವರ್ಷ ಮಾರುವುದು ಯಾಕೆ? ರಿಪೇರಿಗೆ ಎಷ್ಟಾಗುತ್ತದೆ ಅಂತ ಅವರು ಆಗಲೇ ಕೇಳಿ ತಿಳಿದುಕೊಂಡಿರುತ್ತಾರೆ.

ಕಾಳಿ ದಂಡೆ, ಬೇತಿ

ನಾನು ಕಾರವಾರದವನು. ಮಾಲಿಂ ದಕ್ಕೆಯಲ್ಲಿ 19 ವರ್ಷದಿಂದ ಔಟ್‌ಬೋರ್ಡ್ ರಿಪೇರಿ ಮಾಡುತ್ತಿದ್ದೇನೆ. ನೋಡದೆ ಬೇಡ ಅನ್ನುವುದೂ ತಪ್ಪು, ನೋಡದೆ ಬೇಕು ಅನ್ನುವುದೂ ತಪ್ಪು. ಹೀಗೆ ನಿಂತ ಬೋಟುಗಳಲ್ಲಿ ಕೆಲವು ಚೆನ್ನಾಗಿ ಎದ್ದು ಬಂದದ್ದನ್ನು ನೋಡಿದ್ದೇನೆ.

ಆದರೆ "ನದಿಯಲ್ಲೇ ಓಡಿಸಿದ್ದು" ಅನ್ನುವ ಮಾತನ್ನು ಮರೆತುಬಿಡಿ. ಕುಠ್ಠಾಳಿಯಲ್ಲಿ ಝುವಾರಿ ಅಂದರೆ ಕಡಲೇ. ಮಳೆಗಾಲ ಬಿಟ್ಟರೆ ಉಬ್ಬರದ ಜೊತೆ ಉಪ್ಪು ನೀರು ಎಷ್ಟೋ ಒಳಗೆ ಹೋಗುತ್ತದೆ. ಹೋಗದಿದ್ದರೆ ನದಿ ದಂಡೆಯ ತಗ್ಗಿನ ಖಾಜನ್ ಗದ್ದೆಗಳಿಗೆ ಉಪ್ಪು ನೀರು ತಡೆಯುವ ಬಾಂದು, ಮಾನಸ ಬಾಗಿಲು ಯಾಕೆ ಬೇಕಿತ್ತು? ಮಾಂಡವಿಯೂ ಹಾಗೇ. ಖಾನಾಪುರದ ಕಾಡಲ್ಲಿ ಮಹದಾಯಿ ಆಗಿ ಹುಟ್ಟುವಾಗ ಸಿಹಿ, ಬೇಸಿಗೆಯಲ್ಲಿ ಪಣಜಿ ಮುಟ್ಟುವಾಗ ಉಪ್ಪು.

ಇನ್ನು 140 ಗಂಟೆ. ಅದು ಒಳ್ಳೆಯ ಸುದ್ದಿ ಅಲ್ಲ ಅಣ್ಣಾ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಔಟ್‌ಬೋರ್ಡ್ ಆ ನೀರನ್ನೇ ಎಳೆದು ತನ್ನನ್ನು ತಂಪು ಮಾಡಿಕೊಳ್ಳುತ್ತದೆ. ಬಿಸಿ ಎಂಜಿನ್ ನಿಲ್ಲಿಸಿದಾಗ ಒಳಗಿನ ಸಣ್ಣ ದಾರಿಗಳಲ್ಲಿ ಉಳಿದ ನೀರು ಆರಿ, ಉಪ್ಪು ಅಲ್ಲೇ ಕೂರುತ್ತದೆ. ಅದಕ್ಕೇ ಪ್ರತಿ ಸಲ ಬಂದ ಮೇಲೆ ಹತ್ತು ಹದಿನೈದು ನಿಮಿಷ ಸಿಹಿನೀರು ಬಿಟ್ಟು ತೊಳೆಯಬೇಕು. ತೊಳೆಯದೆ ಮೂರು ವರ್ಷ ನಿಲ್ಲಿಸಿದರೆ ಉಪ್ಪು ಅಲ್ಯೂಮಿನಿಯಮ್ಮನ್ನು ಒಳಗಿಂದ ತಿನ್ನುತ್ತದೆ. ನೀವು ನೋಡಿದ ಬಿಳಿ ಪುಡಿ ಹೊರಗಿನದು. ಒಳಗೆ ಹೇಗಿದೆಯೋ ಅದು ಮುಖ್ಯ. ದಿನಾ ಓಡುವ ಮೀನುಗಾರರ ಎಂಜಿನ್ 2,000 ಗಂಟೆ ದಾಟಿದ್ದನ್ನು ಬಿಚ್ಚಿದ್ದೇನೆ, ಇಂಥ 140 ಗಂಟೆಯದಕ್ಕಿಂತ ಸ್ವಚ್ಛ ಇತ್ತು.

ಕೊನೆಯ ಸಲ ಓಡಿಸಿದ ಮೇಲೆ ತೊಳೆದಿದ್ದರಾ, ಹೇಗೆ ತೊಳೆದರು ಅಂತ ಅವರನ್ನು ಕೇಳಿ. ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.

ಅಂಧೇರಿ ಅಳಿವೆ, ಮುಂಬೈ

ಎಂಜಿನ್ನೇ ಎಲ್ಲ. ಹಲ್ ಅಂದರೆ ಬೋಟಿನ ಒಡಲು ಏನು, ಫೈಬರ್ ತಾನೇ, ತುಕ್ಕು ಹಿಡಿಯಲ್ಲ. ಎಂಜಿನ್ ಸರಿ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ನನ್ನ ಅನುಭವ ಹೇಳುತ್ತೇನೆ. ಆರು ವರ್ಷದ ಹಿಂದೆ ಮಾಂಡ್ವಾ ಕಡೆ ಒಂದು ಬೋಟು ತಗೊಂಡೆ. ಅದು ಔಟ್‌ಬೋರ್ಡ್ ಅಲ್ಲ, ಎಂಜಿನ್ ಒಳಗೆ, ಡ್ರೈವ್ ಹೊರಗೆ ಇರುವ ಸ್ಟರ್ನ್‌ಡ್ರೈವ್. ಕೀ ತಿರುಗಿಸಿದರೆ ಸ್ಟಾರ್ಟ್ ಆಯಿತು, ಸದ್ದು ಚೆನ್ನಾಗಿತ್ತು, ದುಡ್ಡು ಕೊಟ್ಟೆ. ಎರಡನೇ ತಿಂಗಳಿಗೆ ಜಾಮ್. ಹೊಗೆ ಹೋಗುವ ಎರಕದ ಕಬ್ಬಿಣದ ಮ್ಯಾನಿಫೋಲ್ಡ್, ರೈಸರ್ ಎರಡೂ ಒಳಗಿಂದ ತಿಂದು ಹೋಗಿದ್ದವು. ಉಪ್ಪು ನೀರು ಅಲ್ಲಿಂದ ಸೋರಿ ಸಿಲಿಂಡರ್‌ಗೆ ಇಳಿದಿತ್ತು. ಉಪ್ಪು ನೀರಲ್ಲಿ ಓಡುವ ಬೋಟಿಗೆ ಅವುಗಳನ್ನು ಐದಾರು ವರ್ಷಕ್ಕೆ ಬದಲಿಸಲೇಬೇಕಂತೆ. ಮಾರಿದವರು ಆ ವಿಷಯ ಬಾಯಿ ಬಿಡಲಿಲ್ಲ, ನನಗೆ ಕೇಳಲು ಗೊತ್ತಿರಲಿಲ್ಲ. ಹೆಂಡತಿಯ ಹತ್ತಿರ ಆ ಲೆಕ್ಕ ಇವತ್ತಿಗೂ ಪೂರ್ತಿ ಹೇಳಿಲ್ಲ, ಅದು ನನಗೆ ಈಗಲೂ ನೋವು.

ಕಾಳಿ ದಂಡೆ, ಬೇತಿ

ಅಂಧೇರಿಯವರೇ, ನಿಮಗೆ ಆದದ್ದು ನಿಜವಾಗಿಯೂ ಬೇಜಾರಿನ ಸಂಗತಿ. ಆದರೆ ಎಂಜಿನ್ನೇ ಎಲ್ಲ ಅನ್ನುವುದನ್ನು ನಾನು ಒಪ್ಪಲ್ಲ. ಔಟ್‌ಬೋರ್ಡ್ ಅಂದರೆ ನಾಲ್ಕು ಬೋಲ್ಟ್ ಬಿಚ್ಚಿದರೆ ಬೇರೆಯದು ಹಾಕಬಹುದು. ಅದನ್ನು ತೂಗಿ ಹಾಕಿರುವ ಹಿಂದಿನ ಗೋಡೆ ಇದೆಯಲ್ಲ, ಟ್ರಾನ್ಸಮ್, ಅದು ಹೋದರೆ ಬೋಟೇ ಹೋಯಿತು. 115 ಎಚ್‌ಪಿ ಫೋರ್ ಸ್ಟ್ರೋಕ್ ಸುಮಾರು 170 ಕೆಜಿ ತೂಗುತ್ತದೆ. ಅಷ್ಟು ತೂಕ, ಅದರ ಮೇಲೆ ಅದರ ನೂಕು, ಎಲ್ಲ ಆ ಗೋಡೆಯ ಮೇಲೇ.

ರೆಸಿನ್ ರಾಯ, ಪುಣೆ

ಫೈಬರ್‌ಗೆ ತುಕ್ಕು ಹಿಡಿಯಲ್ಲ ಅನ್ನುವುದು ಅರ್ಧ ಸತ್ಯ. ನಾನು ಭೋಸರಿಯಲ್ಲಿ ಫೈಬರ್ ಮೋಲ್ಡಿಂಗ್ ಕೆಲಸ ಮಾಡುವವನು, ಬೋಟು ಅಲ್ಲ, ಬಸ್ಸಿನ ಭಾಗಗಳು. ಸಾಮಾನು ಅದೇ: ಗಾಜಿನ ನಾರು, ಪಾಲಿಯೆಸ್ಟರ್ ರೆಸಿನ್, ಮೇಲೆ ಜೆಲ್‌ಕೋಟ್ ಅನ್ನುವ ಹೊಳಪಿನ ಲೇಪ. ಹೊರಗೆ ಕಾಣುವುದು ಫೈಬರ್, ಸರಿ. ಆದರೆ ಎಷ್ಟೋ ಬೋಟುಗಳಲ್ಲಿ ಟ್ರಾನ್ಸಮ್ ಒಳಗೆ ಇರುವುದು ಪ್ಲೈವುಡ್. ತಳದಲ್ಲಿ ಉದ್ದಕ್ಕೂ ಹೋಗುವ ಸ್ಟ್ರಿಂಗರ್ ಪಟ್ಟಿಗಳ ಒಳಗೂ ಮರ. ನೆಲದ ಒಳಗೂ ಪ್ಲೈವುಡ್. ಒಂದು ಸ್ಕ್ರೂ ತೂತಿನ ಸುತ್ತ ಸೀಲಂಟ್ ಒಣಗಿದರೆ ಸಾಕು, ನೀರು ಒಳಗೆ ಇಳಿಯುತ್ತದೆ, ಹೊರಗೆ ಬರಲು ದಾರಿ ಇರಲ್ಲ.

ಈಗ ಮುಖ್ಯ ವಿಷಯ. ಎಲ್ಲರೂ ಉಪ್ಪು ಉಪ್ಪು ಅನ್ನುತ್ತಿದ್ದಾರೆ. ಮರಕ್ಕೆ ಉಪ್ಪು ನೀರಿಗಿಂತ ಮಳೆ ನೀರು ದೊಡ್ಡ ಶತ್ರು. ಮರ ಕೊಳೆಸುವ ಬೂಷ್ಟಿಗೆ ಸಿಹಿನೀರು ಬೇಕು, ಗಾಳಿ ಬೇಕು, ಬೆಚ್ಚಗಿರಬೇಕು. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಮೂರು ಮಳೆಗಾಲ ತೆರೆದಿಟ್ಟ ಬೋಟು, ಎಲೆ ಕಟ್ಟಿ ನೀರು ಹೋಗುವ ತೂತು ಮುಚ್ಚಿದೆ. ನನಗೆ ಆ ಬೋಟಿನ ಎಂಜಿನ್‌ಗಿಂತ ನೆಲದ ಚಿಂತೆ ಜಾಸ್ತಿ.

ಮಂಜಿ ಮನೆತನ, ಮಡಗಾಂವ್

ಇದು ಹೊಸ ಮಾತು. ಉಪ್ಪು ಮರಕ್ಕೆ ಒಳ್ಳೆಯದು ಅಂತೀರಾ?

ರೆಸಿನ್ ರಾಯ, ಪುಣೆ

ಒಳ್ಳೆಯದು ಅಂತ ಅಲ್ಲ, ಕೊಳೆಯುವುದನ್ನು ತಡೆಯುತ್ತದೆ. ಹಳೆಯ ಮರದ ಹಡಗು ಕಟ್ಟುವಾಗ ಪಕ್ಕೆಗಳ ನಡುವೆ ಉಪ್ಪು ತುಂಬುತ್ತಿದ್ದರು. ಉಪ್ಪಿನಕಾಯಿ ಕೆಡದೆ ಇರುತ್ತದಲ್ಲ, ಹಾಗೆ.

ಸುಮಾ, ಫೋಂಡಾ

ಅದು ಸರಿ. ನಮ್ಮ ಅಪ್ಪ ಅಂಕೋಲೆಯಲ್ಲಿ ಮರದ ದೋಣಿ ಇಟ್ಟುಕೊಂಡಿದ್ದರು. ಮಳೆಗಾಲಕ್ಕೆ ದಡಕ್ಕೆ ಎಳೆದರೆ ಮೊದಲ ಕೆಲಸ ಮೇಲೆ ಮಡಲಿನ ಚಪ್ಪರ. ಕಡಲ ನೀರಲ್ಲಿ ಇಡೀ ವರ್ಷ ತೇಲಿದ ದೋಣಿಗೆ ಏನೂ ಆಗಲ್ಲ, ಒಂದು ಮಳೆ ಒಳಗೆ ನಿಂತರೆ ಹಾಳು ಅನ್ನುತ್ತಿದ್ದರು. ಆಮೇಲೆ ಗೇರು ಸಿಪ್ಪೆಯ ಎಣ್ಣೆ ಬಳಿಯುವುದು. ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಬರುತ್ತದೆ. ಅಪ್ಪನ ಕೈ ನೆನಪಾಗುತ್ತದೆ ನನಗೆ.

ಗದಗದ ಅಣ್ಣಾ, ಒಂದು ಕೇಳಲಾ? ಬೋಟು ತಂದ ಮೇಲೆ ಪ್ರತಿ ಸಲ ತೊಳೆಯುವವರು ಯಾರು? ನೀವು ವಾಸ್ಕೊದಲ್ಲಿ ಫ್ಲ್ಯಾಟಿನಲ್ಲಿ ಇರುವುದಾದರೆ ಬೋಟು ಎಲ್ಲಿ ನಿಲ್ಲುತ್ತದೆ, ನಲ್ಲಿ ಎಲ್ಲಿದೆ? ಈ ಬೋಟು ಹೀಗಾಗಿದ್ದೂ ಯಾರಿಗೋ ಹತ್ತಿರದಲ್ಲಿ ನಲ್ಲಿ ಇಲ್ಲದ್ದಕ್ಕೇ ಇರಬಹುದು.

ಗದಗಿನ ಗಾಳ, ವಾಸ್ಕೊ

ಅಕ್ಕಾ, ನೀವು ಕೇಳಿದ್ದು ಸರಿ. ನಾನು ಫ್ಲ್ಯಾಟಿನಲ್ಲೇ ಇರುವುದು. ಸ್ನೇಹಿತರ ಮನೆ ಚಿಖಲಿಯಲ್ಲಿದೆ, ಅಂಗಳ ಇದೆ, ಬಾವಿ ಇದೆ. ಅಲ್ಲಿ ಇಡಲು ಒಪ್ಪಿದ್ದಾರೆ.

ತೊಳೆದಿದ್ದರಾ ಅಂತ ಮಾಲೀಕರನ್ನು ಫೋನಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗ ತೊಳೆಯುತ್ತಿದ್ದ ಅನ್ಸುತ್ತೆ" ಅಂದರು. ಭಾನುವಾರ ಮತ್ತೆ ಹೋಗುತ್ತೇನೆ. ನಾನೇ ಏನು ಪರೀಕ್ಷೆ ಮಾಡಬಹುದು ಹೇಳಿ. ನನ್ನ ಹತ್ತಿರ ಯಾವ ಯಂತ್ರವೂ ಇಲ್ಲ.

ರೆಸಿನ್ ರಾಯ, ಪುಣೆ

ಯಂತ್ರ ಬೇಡ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಇಲ್ಲದಿದ್ದರೆ ದಪ್ಪ ಸ್ಕ್ರೂಡ್ರೈವರ್ ಹಿಡಿ ಸಾಕು. ಟ್ರಾನ್ಸಮ್ ಉದ್ದಕ್ಕೂ ಅಂಗೈಯಷ್ಟು ಜಾಗ ಬಿಟ್ಟು ಬಿಟ್ಟು ತಟ್ಟುತ್ತಾ ಹೋಗಿ. ತೆಂಗಿನಕಾಯಿ ತಟ್ಟಿ ನೋಡುವ ಕಿವಿ ಇದ್ದವರಿಗೆ ಇದು ಕಷ್ಟ ಅಲ್ಲ. ಗಟ್ಟಿ ಇದ್ದಲ್ಲಿ ಚುರುಕಾದ ಸದ್ದು, ಕೊಳೆತಲ್ಲಿ ಮಂದವಾಗಿ ದೊಬ್ ಅನ್ನುತ್ತದೆ. ನೆಲದ ಮೇಲೆ ಬರಿಗಾಲಲ್ಲಿ ನಡೆಯಿರಿ. ಎಲ್ಲಿ ಮೆತ್ತಗೆ ಕುಗ್ಗುತ್ತದೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ. ತೇವ ಅಳೆಯುವ ಮೀಟರ್ ತಂದು ತೋರಿಸಿದರೂ ಪೂರ್ತಿ ನಂಬಬೇಡಿ, ನಿಮ್ಮ ಗೋವಾದ ಗಾಳಿಗೆ ಅದು ಎಲ್ಲದಕ್ಕೂ ಹೆಚ್ಚೇ ತೋರಿಸೀತು.

ಹಲ್ ತಳದಲ್ಲಿ ಸಣ್ಣ ಗುಳ್ಳೆ ಇದ್ದರೆ ಗಾಬರಿ ಬೇಡ. ಜೆಲ್‌ಕೋಟ್ ಹಿಂದೆ ನೀರು ಸೇರಿ ಏಳುವ ಗುಳ್ಳೆ ಅದು, ಕೆರೆದು ಒಣಗಿಸಿ ಸರಿ ಮಾಡಬಹುದು. ಆದರೆ ಟ್ರಾನ್ಸಮ್ ಮೂಲೆಗಳಲ್ಲಿ ಬಿರುಕು ಕಂಡರೆ ಅದು ಬೇರೆ ಕಥೆ.

ಕಾಳಿ ದಂಡೆ, ಬೇತಿ

ಇದರ ಜೊತೆ ಇನ್ನೊಂದು. ಎಂಜಿನ್ ಅರ್ಧ ಮೇಲೆತ್ತಿ, ಕೆಳಗಿನ ಫ್ಯಾನಿನ (ಪ್ರೊಪೆಲ್ಲರ್) ಹತ್ತಿರ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಜೋರಾಗಿ ಅಲುಗಾಡಿಸಿ. ಇನ್ನೊಬ್ಬರು ಟ್ರಾನ್ಸಮ್ಮನ್ನೇ ನೋಡುತ್ತಿರಲಿ. ಗೋಡೆ ಉಸಿರಾಡಿದ ಹಾಗೆ ಹಿಂದೆ ಮುಂದೆ ಆದರೆ, ಬಿರುಕು ಬಾಯಿ ತೆರೆದರೆ, ಮನೆಗೆ ಬನ್ನಿ.

ಎಂಜಿನ್ ಸ್ಟಾರ್ಟ್ ಮಾಡಿಸಬೇಡಿ. ಅವರು ಮಾಡಿ ತೋರಿಸುತ್ತೇನೆ ಅಂದರೂ ಬೇಡ ಅನ್ನಿ. ಮೂರು ವರ್ಷದ ಹಳೆ ಪೆಟ್ರೋಲ್, ಅದರಲ್ಲಿ ಎಥನಾಲ್ ಇರುತ್ತದೆ. ಎಥನಾಲ್ ನೀರು ಎಳೆದುಕೊಂಡು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂತಿರುತ್ತದೆ. ಅದನ್ನು ಇಂಜೆಕ್ಟರ್‌ಗೆ ಎಳೆದರೆ ಇದ್ದದ್ದೂ ಕೆಡುತ್ತದೆ. ಸಿಲಿಂಡರ್ ಒಳಗೆ ತುಕ್ಕು ಇದ್ದರೆ ಸ್ಟಾರ್ಟರ್ ಬಲದಿಂದ ತಿರುಗಿಸಿದಾಗ ಪಿಸ್ಟನ್ ರಿಂಗ್ ಹೋಗುತ್ತದೆ. ಮೊದಲು ಸ್ಪಾರ್ಕ್ ಪ್ಲಗ್ ತೆಗೆದು ಸ್ವಲ್ಪ ಎಣ್ಣೆ ಬಿಟ್ಟು ಒಂದು ದಿನ ಇಟ್ಟು, ಆಮೇಲೆ ಕೈಯಿಂದ ತಿರುಗಿಸಬೇಕು.

ಜಿಂಕ್ ತುಂಡು ನೋಡಿ, ಎಂಜಿನ್ ಕೆಳಗೆ ಬೋಲ್ಟ್ ಹಾಕಿರುತ್ತಾರೆ. ಅದು ಕರಗುವುದಕ್ಕೇ ಇರುವುದು, ಎಂಜಿನ್ ಬದಲು ತಾನು ಸವೆಯುತ್ತದೆ. ಉಪ್ಪು ನೀರಲ್ಲಿ ಓಡಿಯೂ ಅದು ಹೊಸದರ ಹಾಗೆ ಇದ್ದರೆ ಖುಷಿ ಪಡಬೇಡಿ. ಮೇಲೆ ಪೇಂಟ್ ಬಳಿದಿದ್ದಾರೆ ಅಥವಾ ಸಂಪರ್ಕ ತಪ್ಪಿದೆ ಅಂತ ಅರ್ಥ. ಆಗ ಸವೆದಿರುವುದು ಎಂಜಿನ್.

ವೆರ್ಣಾ ವೈರ್‌ಮನ್

ವೈರಿಂಗ್ ಯಾರೂ ಹೇಳಲಿಲ್ಲ. ಯಾವುದಾದರೂ ಒಂದು ವೈರಿನ ತುದಿ ಒಂದಿಂಚು ಸಿಪ್ಪೆ ಸುಲಿದು ನೋಡಿ. ತಾಮ್ರ ಕೆಂಪಗೆ ಹೊಳೆಯಬೇಕು. ತವರ ಲೇಪದ್ದಾದರೆ ಬೆಳ್ಳಗೆ. ಕಪ್ಪಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ಆ ಉಪ್ಪು ವೈರಿನೊಳಗೆ ಅಡಿಗಟ್ಟಲೆ ಹೋಗಿರುತ್ತದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಪ್ರಯೋಜನ ಇಲ್ಲ, ಪೂರ್ತಿ ಹೊಸದು ಎಳೆಯಬೇಕು. ನಡುನೀರಿನಲ್ಲಿ ಬೋಟಿನೊಳಗಿನ ನೀರು ಹೊರಹಾಕುವ ಬಿಲ್ಜ್ ಪಂಪ್ ಕೈ ಕೊಟ್ಟರೆ ಹಾಡು ಕೇಳುವ ಸ್ಪೀಕರ್ ಕೈ ಕೊಟ್ಟ ಹಾಗೆ ಅಲ್ಲ.

ಇನ್ನೊಂದು ಉಪಾಯ, ನಮ್ಮ ಕಾರ್ಖಾನೆ ಕಡೆಯದು. ಬೋಟನ್ನು ಟ್ರೈಲರ್ ಸಮೇತ ಲಾರಿ ತೂಗುವ ವೆರ್ಣಾದ ವೇಬ್ರಿಜ್ ಮೇಲೆ ನಿಲ್ಲಿಸಿ. ಕಂಪನಿ ಹೇಳಿದ ತೂಕಕ್ಕಿಂತ ಎಷ್ಟು ಜಾಸ್ತಿ ಇದೆಯೋ ಅಷ್ಟು ನೀರು ಒಳಗೆ ಕೂತಿದೆ ಅಂತ. ಮರ ಕುಡಿದಿರುತ್ತದೆ, ಬೋಟು ತೇಲಲಿ ಅಂತ ನೆಲದ ಕೆಳಗೆ ತುಂಬುವ ಫೋಮ್ ಕುಡಿದಿರುತ್ತದೆ.

ಕಾಳಿ ದಂಡೆ, ಬೇತಿ

ಇದು ನನಗೂ ಹೊಳೆದಿರಲಿಲ್ಲ. ಬಹಳ ಚೆನ್ನಾದ ಉಪಾಯ.

ಬಿಳಿ ಕೊಕ್ಕರೆ, ಮಾಪ್ಸಾ

ಕಾಗದ ಪತ್ರ ನೋಡಿದಿರಾ? ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ನೋಂದಣಿ ಯಾರ ಹೆಸರಿನಲ್ಲಿದೆ? ಎಂಜಿನ್ ನಂಬರ್ ಕಾಗದದ ನಂಬರಿಗೆ ಹೊಂದುತ್ತದಾ? 2021ರ ಒಳನಾಡು ಹಡಗು ಕಾಯ್ದೆ ಬಂದ ಮೇಲೆ ಹಳೇ ಕಾಗದ ನಡೆಯುತ್ತದೆ ಅಂತ ಕೂರಬೇಡಿ, ಇಲಾಖೆಗೆ ಹೋಗಿ ಕೇಳಿ. ಮತ್ತೆ, ದುಡ್ಡು ತಗೊಂಡು ಪ್ರವಾಸಿಗರನ್ನು ಕೂರಿಸುವ ಯೋಚನೆ ಇದ್ದರೆ ಅದಕ್ಕೆ ಬೇರೆ ಪರವಾನಗಿ.

ಗದಗಿನ ಗಾಳ, ವಾಸ್ಕೊ

ಮನೆಯವರಿಗೆ ಮಾತ್ರ. ಕುಂಬಾರ್ಜುವಾ ಕಾಲುವೆಗೆ ಹೋಗಿ ಮೊಸಳೆ ತೋರಿಸುತ್ತೇನೆ ಅಂತ ಮಗನಿಗೆ ಹೇಳಿದ್ದೇನೆ.

ಮಂಜಿ ಮನೆತನ, ಮಡಗಾಂವ್

ಅಲ್ಲಿ ಮೊಸಳೆ ಈಗಲೂ ಇವೆ, ಬೆಳಿಗ್ಗೆ ಇಳಿತದ ಹೊತ್ತಿಗೆ ಕೆಸರಿನ ದಂಡೆ ಮೇಲೆ ಬಿಸಿಲಿಗೆ ಮಲಗಿರುತ್ತವೆ. ನಾನು ಮೂರು ಸಲ ನೋಡಿದ್ದೇನೆ. ಆ ಕಾಲುವೆ ಮಾಂಡವಿ ಮತ್ತು ಝುವಾರಿಯನ್ನು ಸೇರಿಸುತ್ತದೆ, ಹಾಗಾಗಿ ನೀವು ಕುಠ್ಠಾಳಿ ಕಡೆಯಿಂದ ಹೊರಟು ಓಲ್ಡ್ ಗೋವಾ ಹತ್ತಿರ ಹೊರಗೆ ಬರಬಹುದು. ಆದರೆ ಅಂಥ ಜಾಗದಲ್ಲಿ ಎಂಜಿನ್ ನಿಂತರೆ ಏನು ಮಾಡುತ್ತೀರಿ ಯೋಚಿಸಿ. ಅದಕ್ಕೇ ನಾನು ಬೇಡ ಅಂದದ್ದು, ಹೊಟ್ಟೆಕಿಚ್ಚಿನಿಂದ ಅಲ್ಲ.

ವೆರ್ಣಾ ವೈರ್‌ಮನ್

ಕುಠ್ಠಾಳಿ ಅಂದಾಗ ನೆನಪಾಯಿತು. ಹೊಸ ಝುವಾರಿ ಸೇತುವೆ 2022ರ ಡಿಸೆಂಬರ್‌ನಲ್ಲಿ ತೆರೆಯುವ ಮುಂಚೆ ಹಳೆ ಸೇತುವೆ ಮೇಲೆ ನಾನು ದಿನಾ ನಿಂತು ನಿಂತು ಕೆಳಗೆ ಓಡುವ ಬೋಟು ನೋಡುತ್ತಿದ್ದೆ. ನನಗೂ ಅಲ್ಲೇ ಬೋಟಿನ ಆಸೆ ಹುಟ್ಟಿದ್ದು. ಈಗ ಸೇತುವೆ ಎರಡು ನಿಮಿಷದಲ್ಲಿ ದಾಟುತ್ತೇನೆ, ನೀರೇ ಕಾಣಲ್ಲ.

ಗದಗಿನ ಗಾಳ, ವಾಸ್ಕೊ

ಭಾನುವಾರ ಹೋಗಿ ಬಂದೆ. ಉದ್ದ ಬರೆಯುತ್ತೇನೆ, ಓದಿ.

ಮೊದಲು ಒಳಗಿನ ಎಲೆ, ನೀರು ಎಲ್ಲ ತೆಗೆದೆ. ಎರಡು ಗಂಟೆ ಹಿಡಿಯಿತು. ಮಾಲೀಕರು ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು, ನಡುವೆ ಚಹಾ ಕೊಟ್ಟರು. ಬರಿಗಾಲಲ್ಲಿ ನಡೆದೆ. ಸ್ಟೀರಿಂಗ್ ಹಿಂದೆ ಎರಡು ಕಡೆ ನೆಲ ಕುಗ್ಗುತ್ತದೆ, ಒಂದು ಕಡೆ ಹೆಬ್ಬೆರಳು ಒತ್ತಿದರೆ ನೀರು ಜಿನುಗಿತು.

ಟ್ರಾನ್ಸಮ್ ತಟ್ಟಿದೆ. ಎಡಗಡೆ ಗಟ್ಟಿ ಸದ್ದು. ಬಲಗಡೆ ಎಂಜಿನ್ ಬೋಲ್ಟಿನಿಂದ ಕೆಳಗೆ, ಒಂದೂವರೆ ಅಡಿ ಅಗಲಕ್ಕೆ, ರಾಯರು ಹೇಳಿದ ಹಾಗೇ ದೊಬ್ ದೊಬ್. ನನಗೆ ಮೊದಲು ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಮಗನನ್ನು ಕರೆದು ಕಣ್ಣು ಮುಚ್ಚಿ ಕೇಳು ಅಂದೆ. ಅವನೂ ಅದೇ ಜಾಗಕ್ಕೆ "ಇಲ್ಲಿ ಬೇರೆ ಥರ ಇದೆ" ಅಂದ. ಅಲುಗಾಡಿಸಿದಾಗ ಗೋಡೆ ಜಾಸ್ತಿ ಆಡಲಿಲ್ಲ, ಆದರೆ ಬಲ ಮೂಲೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಇದೆ.

ವೈರ್ ಸುಲಿದೆ. ಕಪ್ಪು.

ಜಿಂಕ್ ಹೊಸದರ ಹಾಗೆ ಇತ್ತು. ಉಗುರಿನಿಂದ ಕೆರೆದರೆ ಬಿಳಿ ಪೇಂಟ್ ಎದ್ದು ಬಂತು. ಅಲ್ಲೇ ನನ್ನ ಮನಸ್ಸು ಅರ್ಧ ಇಳಿದು ಹೋಯಿತು.

ವೇಬ್ರಿಜ್‌ಗೆ ಒಪ್ಪುತ್ತಾರಾ ಅಂತ ಕೇಳಿದೆ. ಒಪ್ಪಿದರು, ಅದು ಅವರ ದೊಡ್ಡತನ. ಟ್ರೈಲರ್ ಬೇರಿಂಗ್ ನೋಡಲು ಕಾಳಿ ದಂಡೆ ಅಣ್ಣ ಒಬ್ಬ ಹುಡುಗನನ್ನು ಕಳಿಸುತ್ತೇನೆ ಅಂದಿದ್ದಾರೆ. ನಮಸ್ಕಾರ ಅಣ್ಣಾ.

ಅಂಧೇರಿ ಅಳಿವೆ, ಮುಂಬೈ

ಜಿಂಕ್ ಮೇಲೆ ಪೇಂಟ್ ಬಳಿದದ್ದು ಮೋಸ ಮಾಡಲು ಅಂತ ಅನಿಸಲ್ಲ. ಗೊತ್ತಿಲ್ಲದ ಯಾರೋ ಇಡೀ ಎಂಜಿನ್‌ಗೆ ಹೊಳಪು ಬರಲಿ ಅಂತ ಬಳಿದಿರುತ್ತಾರೆ. ಆದರೆ ಪರಿಣಾಮ ಒಂದೇ.

ಬೆಲೆ ಇಳಿಸುತ್ತಾರಾ ಕೇಳಿ. ಎಂಜಿನ್ ಒಳಗೆ ಚೆನ್ನಾಗಿದ್ದರೆ ಇನ್ನೂ ಲೆಕ್ಕ ಕೂಡಬಹುದು.

ಕಾಳಿ ದಂಡೆ, ಬೇತಿ

ಗುರುವಾರ ನಾನೇ ಹೋಗಿದ್ದೆ. ಹುಡುಗನನ್ನು ಕಳಿಸುವುದು ಬೇಡ ಅನಿಸಿತು. ಹಿಂದಿನ ದಿನ ಸಿಲಿಂಡರ್‌ಗೆ ಎಣ್ಣೆ ಬಿಡಿಸಿದ್ದೆ. ಕೈಯಿಂದ ತಿರುಗಿತು, ಅದು ಒಳ್ಳೆಯದೇ. ಬೇರೆ ಬ್ಯಾಟರಿ ಕಟ್ಟಿ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ ನೋಡಿದೆ. 182, 178, 180, ನಾಲ್ಕನೆಯದು 121. ನಾಲ್ಕೂ ಹತ್ತಿರ ಹತ್ತಿರ ಇರಬೇಕು, ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. 121 ಅಂದರೆ ಆ ಸಿಲಿಂಡರ್‌ನಲ್ಲಿ ರಿಂಗೋ ವಾಲ್ವೋ ಹೋಗಿದೆ. ಹೆಡ್ ಬಿಚ್ಚದೆ ಹೇಳಲಾಗದು. ಬಿಚ್ಚಲು ಹೋದರೆ ಅಲ್ಯೂಮಿನಿಯಮ್ಮಿನಲ್ಲಿ ಕೂತ ಸ್ಟೀಲ್ ಬೋಲ್ಟ್ ಅರ್ಧ ತುಂಡಾಗುವುದು ಖಂಡಿತ.

ಎಂಜಿನ್ ಕೆಳತುದಿಯ ಗೇರ್ ಕೇಸ್ ಆಯಿಲ್ ಸ್ಕ್ರೂ ಸಡಿಲ ಮಾಡಿದೆ. ಹಾಲು ಹಾಕಿದ ಚಹಾದ ಬಣ್ಣ. ಸೀಲ್ ಹೋಗಿ ನೀರು ಸೇರಿದೆ.

ನಿಧಾನಕ್ಕೆ ಎಳೆದುಕೊಂಡು ವೆರ್ಣಾಕ್ಕೆ ಹೋದೆವು. ಕಂಪನಿ ಹಾಳೆಯ ಪ್ರಕಾರ ಬರೀ ಬೋಟು 780 ಕೆಜಿ. ಎಂಜಿನ್, ಟ್ರೈಲರ್, ಟ್ಯಾಂಕಿನ ತಳದ ಪೆಟ್ರೋಲ್ ಎಲ್ಲ ಸೇರಿ 1,350 ಆಸುಪಾಸು ಬರಬೇಕಿತ್ತು. ಬಂದದ್ದು 1,640.

ವೆರ್ಣಾ ವೈರ್‌ಮನ್

290 ಕೆಜಿ ನೀರು! ನಾಲ್ಕು ಜನ ದೊಡ್ಡವರು ಒಳಗೆ ಅಡಗಿ ಕೂತ ಹಾಗೆ.

ರೆಸಿನ್ ರಾಯ, ಪುಣೆ

ಅಂದರೆ ಫೋಮ್ ಪೂರ್ತಿ ನೆನೆದಿದೆ. ಅದು ಬಿಸಿಲಿಗೆ ಇಟ್ಟರೆ ಒಣಗಲ್ಲ. ನೆಲ ಕತ್ತರಿಸಿ ತೆಗೆಯಬೇಕು, ಫೋಮ್ ಕಿತ್ತು ಹೊರಗೆ ಹಾಕಬೇಕು, ಸ್ಟ್ರಿಂಗರ್ ನೋಡಬೇಕು, ಟ್ರಾನ್ಸಮ್ ಒಳಗಿನ ಪ್ಲೈ ಕೆರೆದು ಹೊಸದು ಕೂರಿಸಬೇಕು. ನೆಲ ತೆಗೆದ ಮೇಲೆ ಅಲ್ಯೂಮಿನಿಯಮ್ ಟ್ಯಾಂಕ್ ಕೈಗೆ ಬರುತ್ತದೆ, ನೆನೆದ ಫೋಮ್ ತಾಗಿದ ಕಡೆ ಅದರಲ್ಲಿ ಸೂಜಿ ತೂತು ಬಿದ್ದಿರುವ ಸಾಧ್ಯತೆ ಜಾಸ್ತಿ. ಕೆಲಸ ಗೊತ್ತಿದ್ದು, ಶೆಡ್ ಇದ್ದು, ಒಂದು ವರ್ಷದ ಭಾನುವಾರಗಳನ್ನು ಕೊಡುವವರಿಗೆ ಇದು ಮಾಡಬಹುದಾದ ಕೆಲಸವೇ. ನಾನಾಗಿದ್ದರೆ ಆಸೆ ಪಡುತ್ತಿದ್ದೆ. ಆದರೆ ನಿಮಗೆ ಬೇಕಾದದ್ದು ನೀರಿನ ಮೇಲಿನ ಭಾನುವಾರ, ಗಾಜಿನ ನಾರಿನ ಧೂಳಲ್ಲಿ ಕೂರುವ ಭಾನುವಾರ ಅಲ್ಲ, ಅಲ್ವಾ?

ಗದಗಿನ ಗಾಳ, ವಾಸ್ಕೊ

ಮಾಲೀಕರು ಈಗ ಮೂರು ಲಕ್ಷಕ್ಕೆ ಬಂದಿದ್ದಾರೆ. ನಿನ್ನೆ ಅವರೇ ಫೋನ್ ಮಾಡಿದರು.

ಅಂಧೇರಿ ಅಳಿವೆ, ಮುಂಬೈ

ಮೂರಕ್ಕೆ? ಸ್ವಲ್ಪ ಯೋಚಿಸಿ. ಅರ್ಧಕ್ಕಿಂತ ಕಡಿಮೆ.

ಮಂಜಿ ಮನೆತನ, ಮಡಗಾಂವ್

ಯಾವುದರ ಅರ್ಧ? ಅವರು ಕೇಳಿದ ಬೆಲೆಯ ಅರ್ಧ. ಬೋಟಿನ ಬೆಲೆಯ ಅರ್ಧ ಅಲ್ಲ. ಆರೂವರೆ ಅನ್ನುವ ಅಂಕಿ ಅವರ ಬಾಯಿಂದ ಬಂದದ್ದು, ಅದನ್ನು ತಲೆಯಿಂದ ತೆಗೆದು ಲೆಕ್ಕ ಹಾಕಿ.

ಕಾಳಿ ದಂಡೆ, ಬೇತಿ

ಮಂಜಿಯವರ ಮಾತು ಸರಿ. ಎಂಜಿನ್ ಬೇರೆ ಬೇಕು. ವೈರಿಂಗ್ ಪೂರ್ತಿ ಹೊಸದು. ನೆಲ, ಟ್ರಾನ್ಸಮ್, ಟ್ಯಾಂಕ್. ಸ್ಟೀರಿಂಗ್ ಕೇಬಲ್ ಕೂಡ ಬಿಗಿದಿದೆ, ಹೇಳಲು ಮರೆತೆ. ಉಳಿಯುವುದು ಹೊರಗಿನ ಚಿಪ್ಪು ಮಾತ್ರ. ಅವರು ಬೋಟನ್ನು ಪುಕ್ಕಟೆ ಕೊಟ್ಟರೂ, ಎಲ್ಲ ಮಾಡಿ ನೀರಿಗೆ ಇಳಿಸುವ ಹೊತ್ತಿಗೆ ಓಡುತ್ತಿರುವ ಬೇರೆ ಬೋಟಿನ ಬೆಲೆ ದಾಟಿರುತ್ತದೆ. ಹಲ್ ಗಟ್ಟಿ ಇದ್ದು ಎಂಜಿನ್ ಮಾತ್ರ ಹೋಗಿದ್ದರೆ ನಾನೇ ತಗೊಳ್ಳಿ ಅನ್ನುತ್ತಿದ್ದೆ. ಎರಡೂ ಹೋಗಿದೆ.

ಟ್ರೈಲರ್ ಮಾತ್ರ ಚೆನ್ನಾಗಿದೆ. ಗ್ಯಾಲ್ವನೈಸ್ ಮಾಡಿದ್ದು, ಬೇರಿಂಗ್ ಬದಲಿಸಿದರೆ ಸಾಕು. ಅದನ್ನು ಬೇರೆ ಕೊಡುತ್ತಾರಾ ಕೇಳಿ ನೋಡಿ.

ಸುಮಾ, ಫೋಂಡಾ

ಆ ಅಜ್ಜನಿಗೆ ಎಲ್ಲ ಬಿಡಿಸಿ ಹೇಳಿ ಅಣ್ಣಾ. ಸುಮ್ನೆ "ಬೇಡ" ಅಂತ ಫೋನ್ ಇಡಬೇಡಿ. ಅವರಿಗೂ ಗೊತ್ತಾಗಬೇಕು, ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಮಕ್ಕಳನ್ನು ಕೂರಿಸಿಕೊಂಡು ಅದರಲ್ಲಿ ಹೋಗುತ್ತಾರೆ.

ಗದಗಿನ ಗಾಳ, ವಾಸ್ಕೊ

ಹೋಗಿ ಹೇಳಿ ಬಂದೆ ಅಕ್ಕಾ. ಫೋನಿನಲ್ಲಿ ಅಲ್ಲ, ಎದುರಿಗೆ ಕೂತು. ವೇಬ್ರಿಜ್ ಚೀಟಿ ತೋರಿಸಿದೆ, ಸುತ್ತಿಗೆ ಅವರ ಕೈಗೇ ಕೊಟ್ಟೆ, ತಟ್ಟಿ ನೋಡಿದರು. ಬೋಟು ಅವರ ಮಗನದಂತೆ. ಮಗ ಹೊರದೇಶಕ್ಕೆ ಹೋಗಿ ಮೂರು ವರ್ಷ. ಬರುತ್ತಾನೆ ಬರುತ್ತಾನೆ ಅಂತ ಮಾರದೆ ಇಟ್ಟಿದ್ದರು. ಮೊದಲ ಮಳೆಗಾಲಕ್ಕೆ ತಾಡಪಾಲು ಕಟ್ಟಿದ್ದೂ ಅವರೇ, ಆಮೇಲೆ ಮೊಣಕಾಲು ನೋವು. ನನಗೆ ಬೇಜಾರಾಯಿತು, ಆದರೆ ಬೋಟು ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ಟ್ರೈಲರ್ ಬಗ್ಗೆ ಮಗನನ್ನು ಕೇಳಿ ತಿಳಿಸುತ್ತಾರಂತೆ.

ನನ್ನ ಮಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, ಹೆಸರು ಇನ್ನೊಂದು ಬೋಟಿಗೆ ಇಡಬಹುದಾ ಅಂತ ಕೇಳಿದ.

ಕಾಳಿ ದಂಡೆ, ಬೇತಿ

ಇಡಬಹುದು ಅಂತ ಹೇಳಿ ಅವನಿಗೆ. ನಮ್ಮ ದಕ್ಕೆಯಲ್ಲಿ ಒಬ್ಬರು 17 ಅಡಿಯ ಫೈಬರ್ ಬೋಟು ಮಾರುವ ಮಾತಾಡುತ್ತಿದ್ದಾರೆ. 40 ಎಚ್‌ಪಿ ಟು ಸ್ಟ್ರೋಕ್. ನೋಡಲು ಚೆಂದ ಇಲ್ಲ, ಬಿಸಿಲಿಗೆ ಬಣ್ಣ ಹೋಗಿದೆ, ಮೀನಿನ ವಾಸನೆ ಹೋಗಲು ತಿಂಗಳು ಬೇಕು. ಆದರೆ ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಬಿಟ್ಟರೆ ದಿನಾ ನೀರಿಗೆ ಇಳಿದಿದೆ, ದಿನಾ ತೊಳೆದಿದ್ದಾರೆ. ಎಂಜಿನ್ ತಂಪಾಗಲು ನೀರು ಎಳೆಯುವ ಅದರ ಇಂಪೆಲ್ಲರನ್ನು ನಾನೇ ಬದಲಿಸಿದ್ದು. ಹಾಗಂತ ನನ್ನ ಮಾತು ನಂಬಿ ತಗೊಳ್ಳಬೇಡಿ, ಬಂದು ತಟ್ಟಿ ನೋಡಿ. ಕುಂಬಾರ್ಜುವಾ ತನಕ ಹೋಗಿ ಬರಲು ಧಾರಾಳ ಸಾಕು.

ರೆಸಿನ್ ರಾಯ, ಪುಣೆ

ಟ್ರಾನ್ಸಮ್ ಫೋಟೋ ಹಾಕಿ, ಬೋಲ್ಟುಗಳ ಸುತ್ತ ಹತ್ತಿರದಿಂದ.

ಗದಗಿನ ಗಾಳ, ವಾಸ್ಕೊ

ಭಾನುವಾರ ಬೆಳಿಗ್ಗೆ ಬರುತ್ತೇನೆ ಅಣ್ಣಾ, ಉಬ್ಬರ ಎಷ್ಟು ಹೊತ್ತಿಗೆ ಅಂತ ತಿಳಿಸಿ. ಸುತ್ತಿಗೆ, ಚಾಕ್‌ಪೀಸ್ ತರುತ್ತೇನೆ, ಮಗನೂ ಬರುತ್ತಾನೆ. ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಹೇಳಿಡಿ. ತಣ್ಣಗಿರುವಾಗಲೇ ಮೇಲೆ ಕೈ ಇಟ್ಟು ನೋಡಿ, ಆಮೇಲೆ ಮೊದಲ ಸಲ ಎಷ್ಟು ಹೊತ್ತಿಗೆ ಹತ್ತುತ್ತದೆ ಅಂತ ನೋಡಬೇಕು.